ಒಂದು ಗಂಟೆಯ ಕೆಲಸಕ್ಕೆ ಸಾರುವೆ ಯಾಕೆ?

ಅಡಿಕೆ ಒಣಗಿ, ರಾಶಿ ಮಂಡಿಗೆ ಹೋಗಿ, ಕೈಗೆ ನಾಲ್ಕು ಕಾಸು ಬಂದ ಮೇಲೆ ಚನ್ನಗಿರಿ ಸೀಮೆಯವರ ಕಣ್ಣು ಸೂರಿನ ಕಡೆ ಹೊರಳುತ್ತದೆ. ಶಿವರಾತ್ರಿ ಕಳೆಯಿತೆಂದರೆ ನಲ್ಲೂರು, ಸಂತೇಬೆನ್ನೂರು, ಬಸವಾಪಟ್ಟಣದ ಸುತ್ತಮುತ್ತ ಗೌಂಡಿ ಕೆಲಸದವರು ಸಿಗುವುದೇ ದುರ್ಲಭ. ಒಬ್ಬರಿಗೆ ಹಳೇ ಮನೆಯ ಹೆಂಚು ಕೈಯಾಡಿಸಬೇಕು. ಇನ್ನೊಬ್ಬರಿಗೆ ಅಡಿಕೆ ಬೇಯಿಸುವ ಮನೆಯ ಒಡೆದ ಶೀಟು ಬದಲಾಯಿಸಬೇಕು. ಮತ್ತೊಬ್ಬರು ಹೊಸ ಮನೆಗೆ ಮೋಲ್ಡ್ ಹಾಕಿಸುವ ತಯಾರಿಯಲ್ಲಿದ್ದಾರೆ. ಸೋಲಾರ್ ಕೂರಿಸುವವರ ಜೀಪು ಬೇರೆ ಊರೊಳಗೆ ಓಡಾಡುತ್ತಿರುತ್ತದೆ. ಎಲ್ಲವೂ ರೋಹಿಣಿ ಮಳೆ ಹಿಡಿಯುವುದರೊಳಗೆ ಮುಗಿಯಬೇಕು.

ಈ ಅವಸರದಲ್ಲಿ ಎಲ್ಲಕ್ಕಿಂತ ಮೊದಲು ಕೈಬಿಟ್ಟುಹೋಗುವುದು ಸಾರುವೆ. "ಗೌಡ್ರೆ, ಬೊಂಬು, ಹಲಗೆ ಬಾಡಿಗೆಗೆ ತರ್ಬೇಕು. ಕಟ್ಟಾಕೇ ಅರ್ಧ ದಿನ ಬೇಕು" ಎಂದು ಮೇಸ್ತ್ರಿ ಮೆಲ್ಲಗೆ ಪ್ರಸ್ತಾಪ ಇಡುತ್ತಾನೆ. "ಒಂದ್ ಗಂಟೆ ಕೆಲ್ಸಕ್ಕೆ ಸಾರುವೆ ಯಾಕ್ ಮೇಸ್ತ್ರಿ? ಏಣಿ ಐತಲ್ಲ, ಹತ್ತಿ ಮುಗ್ಸು" ಎಂಬ ಉತ್ತರ ಬರುತ್ತದೆ. ಮೇಸ್ತ್ರಿಯೂ ಅಷ್ಟಕ್ಕೇ ಸುಮ್ಮನಾಗುತ್ತಾನೆ. ಹೆಚ್ಚು ಎಳೆದರೆ ಕೆಲಸ ಪಕ್ಕದೂರಿನವನ ಪಾಲಾಗುತ್ತದೆಂದು ಅವನಿಗೂ ಗೊತ್ತು.

ಯಜಮಾನರ ಪ್ರಶ್ನೆ ಮೇಲ್ನೋಟಕ್ಕೆ ನ್ಯಾಯವಾದದ್ದೇ. ಎರಡು ತಿಂಗಳ ಕೆಲಸವಾದರೆ ಸಾರುವೆಗೆ ಹೋಗುವ ಅರ್ಧ ದಿನ ಯಾರ ಲೆಕ್ಕಕ್ಕೂ ಬರುವುದಿಲ್ಲ. ಒಂದೇ ಗಂಟೆಯ ಕೆಲಸವಾದರೆ ಸಾರುವೆಯ ಖರ್ಚು ಕೆಲಸದ ಕೂಲಿಯನ್ನೇ ಮೀರುತ್ತದೆ. ಆದ್ದರಿಂದಲೇ ದೊಡ್ಡ ಕಟ್ಟಡದಲ್ಲಿ ಅಟ್ಟಣಿಗೆ ಕಟ್ಟಿ ಜೋಪಾನವಾಗಿ ದುಡಿಯುವ ಗೌಂಡಿಯೇ, ಎರಡು ಹೆಂಚು ಬದಲಿಸುವ ದಿನ ಬರಿಗಾಲಲ್ಲಿ ಸೂರಿನ ಅಂಚಿಗೆ ಹೋಗಿ ಕೂರುತ್ತಾನೆ. ಹಳ್ಳಿಯ ಚಾವಣಿ ಕೆಲಸದಲ್ಲಿ ಜೀವಕ್ಕೆ ಎರವಾಗುವುದು ಹೆಚ್ಚಾಗಿ ಈ ಸಣ್ಣ ಕೆಲಸಗಳೇ ಎಂಬುದು ನನ್ನ ವಾದ.

ಎತ್ತರ ಕಡಿಮೆಯಿದೆ ಎಂಬ ಸಮಾಧಾನವನ್ನು ಮೊದಲು ಬಿಡಬೇಕು. ಹತ್ತಡಿ ಎತ್ತರದಿಂದ ಜಾರಿದವನು ನೆಲ ಮುಟ್ಟಲು ಮುಕ್ಕಾಲು ಸೆಕೆಂಡಿಗಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ ಅವನ ವೇಗ ಗಂಟೆಗೆ 28 ಕಿಲೊಮೀಟರ್ ಆಸುಪಾಸು ತಲುಪಿರುತ್ತದೆ. ಇಪ್ಪತ್ತಡಿಯಿಂದ ಬಿದ್ದರೆ ಅದು 39. ಏನನ್ನಾದರೂ ಹಿಡಿದುಕೊಳ್ಳೋಣ ಎಂದು ಮನಸ್ಸಿಗೆ ಹೊಳೆದು ಕೈ ಚಾಚುವುದರೊಳಗೆ ಮುಕ್ಕಾಲು ಸೆಕೆಂಡು ಮುಗಿದಿರುತ್ತದೆ. ಕೆಳಗೆ ಮೆತ್ತನೆಯ ಮಣ್ಣಿದ್ದರೂ ತಲೆ ಅಥವಾ ಸೊಂಟ ಮೊದಲು ತಾಗಿದರೆ ಪರಿಣಾಮ ಒಂದೇ.

ಊರಿನ ಎತ್ತರದ ಪರಿಚಯವೇ ನಮಗೆ ಇನ್ನೊಂದು ಬಗೆಯಲ್ಲಿ ತೊಡಕಾಗಿದೆ. ಕೊನೆಗಾರರು ಸರಸರನೆ ಅಡಿಕೆ ಮರ ಏರಿ, ಒಂದು ಮರದಿಂದ ಇನ್ನೊಂದಕ್ಕೆ ದಾಟಿ ಕೊನೆ ಇಳಿಸುವುದನ್ನು ನೋಡುತ್ತಲೇ ಬೆಳೆದವರು ನಾವು. ಐವತ್ತಡಿ ಮರಕ್ಕೇ ಹೆದರದವನಿಗೆ ಹನ್ನೆರಡಡಿ ಶೆಡ್ಡು ಯಾವ ಲೆಕ್ಕ ಅನ್ನಿಸುತ್ತದೆ. ಆದರೆ ಮರದಲ್ಲಿ ಕಾಲಿಗೆ ತಳೆ ಇರುತ್ತದೆ, ತೋಳಿನ ತೆಕ್ಕೆಯಲ್ಲಿ ಮರವಿರುತ್ತದೆ. ಇಳಿಜಾರು ಶೀಟಿನ ಮೇಲೆ ತಬ್ಬಿಕೊಳ್ಳಲು ಏನಿದೆ? ಅಲ್ಲದೆ ಮರ ಹತ್ತುವ ಕೆಲಸವನ್ನೇ ನಮ್ಮ ರೈತರು ಈಚೆಗೆ ಬಿಡುತ್ತಿದ್ದಾರೆ. ಹತ್ತಾರು ಸಾವಿರ ರೂಪಾಯಿ ಕೊಟ್ಟು ಕಾರ್ಬನ್ ಫೈಬರ್ ದೋಟಿ ತಂದು, ನೆಲದ ಮೇಲೆ ನಿಂತೇ ಕೊನೆ ಕೊಯ್ಯಿಸುತ್ತಿದ್ದಾರೆ. ಕೊನೆಗಾರರು ಸಿಗದಿದ್ದದ್ದು ಅದಕ್ಕೆ ಕಾರಣವಿರಬಹುದು, ಅಪಾಯದ ಅರಿವೂ ಇರಬಹುದು. ದೋಟಿಗೆ ಅಷ್ಟು ಸುರಿದ ಕೈ ಎರಡು ಹಲಗೆಗೆ ಹಿಂದೆಗೆಯುತ್ತದೆ ಎಂಬುದೇ ನನಗೆ ಸೋಜಿಗ.

ಚಾವಣಿಗಳೆಲ್ಲ ಒಂದೇ ಬಗೆಯಲ್ಲ. ಜಗಳೂರಿನ ಬಯಲಿನಲ್ಲಿ ಮಣ್ಣಿನ ಮಾಳಿಗೆ ಮನೆಗಳಿದ್ದವು. ಮೇಲೆ ಓಡಾಡಬಹುದಿತ್ತು, ಹುಲ್ಲು ಒಟ್ಟಬಹುದಿತ್ತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿಯ ಕಡೆ ಮಳೆ ಹೆಚ್ಚಿದಂತೆ ಸೂರು ಇಳಿಜಾರಾಯಿತು. ಮೊದಲು ನಾಡಹೆಂಚು, ಆಮೇಲೆ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯ ವಂಶದ ಆ ಕೆಂಪು ಹೆಂಚು ಘಟ್ಟ ಹತ್ತಿ ಇಲ್ಲಿಯವರೆಗೂ ಬಂತು. ಒಂದೊಂದು ಎರಡೂವರೆ ಕೆ.ಜಿ.ಯಷ್ಟು ತೂಗುವ ಹೆಂಚು ರೀಪಿನ ಮೇಲೆ ಬರೀ ಕೂತಿರುತ್ತದೆ, ಅದಕ್ಕೆ ಮೊಳೆಯಿಲ್ಲ. ಕಾಲಿಟ್ಟ ಕಡೆ ಜಾರುತ್ತದೆ. ಪಾಚಿ ಹಿಡಿದಿದ್ದರೆ ಹೇಳುವುದೇ ಬೇಡ. ಹಳಬರಿಗೆ ಇದು ತಿಳಿದಿತ್ತು. ಹೆಂಚು ಕೈಯಾಡಿಸುವಾಗ ಬಿದಿರೇಣಿಯನ್ನು ಚಾವಣಿಯ ಮೇಲೇ ಮಲಗಿಸಿ, ಅದರ ತಲೆಗೆ ಕಟ್ಟಿದ ಹಗ್ಗವನ್ನು ನೆತ್ತಿಯಾಚೆ ಇಳಿಬಿಟ್ಟು, ಮನೆಯ ಆ ಬದಿಯ ಕಂಬಕ್ಕೋ ಮರಕ್ಕೋ ಬಿಗಿಯುತ್ತಿದ್ದರು. ಹತ್ತುವವನ ಭಾರ ಏಣಿಯುದ್ದಕ್ಕೂ ಹಂಚಿಹೋಗುತ್ತಿತ್ತು, ಹೆಂಚೂ ಒಡೆಯುತ್ತಿರಲಿಲ್ಲ. ಇಂದು ಹೊರದೇಶಗಳಲ್ಲಿ ಮಾರುವ ಚಾವಣಿ ಏಣಿಯೂ ಇದೇ. ಹಗ್ಗದ ಬದಲು ನೆತ್ತಿಗೆ ಸಿಕ್ಕಿಸುವ ಕಬ್ಬಿಣದ ಕೊಕ್ಕೆ ಇದೆ, ಅಷ್ಟೆ. ಹೆಂಚು ಹೋಗಿ ಶೀಟು ಬಂದಾಗ ನಾವು ಕೈಬಿಟ್ಟದ್ದು ಈ ಮಲಗೇಣಿಯನ್ನು.

ಶೀಟಿನ ವಿಷಯದಲ್ಲಿ ತುಸು ನಿಲ್ಲಬೇಕು. ಚಾವಣಿ ಕೆಲಸದ ದೊಡ್ಡ ಮೋಸ ಇರುವುದೇ ಅಲ್ಲಿ.

ಸಿಮೆಂಟ್ ಶೀಟು, ಅಂದರೆ ಕಲ್ನಾರಿನ ಶೀಟು, ಸಾಮಾನ್ಯವಾಗಿ 6 ಮಿ.ಮೀ. ದಪ್ಪ. ಹತ್ತಡಿ ಉದ್ದದ್ದು 40 ಕೆ.ಜಿ. ದಾಟುತ್ತದೆ. ಎತ್ತಿ ಇಡುವಾಗ ಅದು ಗಟ್ಟಿಯಾಗಿ, ಕಲ್ಲಿನಂತೆ ಕಾಣುತ್ತದೆ. ಆದರೆ ಅದು ಬಾಗುವ ವಸ್ತುವಲ್ಲ. ತಗಡು ಭಾರಕ್ಕೆ ಮೊದಲು ತಗ್ಗುತ್ತದೆ, ಕಾಲಿಗೆ ಗೊತ್ತಾಗುತ್ತದೆ. ಸಿಮೆಂಟ್ ಶೀಟು ಯಾವ ಸೂಚನೆಯನ್ನೂ ಕೊಡದೆ ಪಟಕ್ಕನೆ ಒಡೆದು, ನಿಂತವನನ್ನು ನೇರ ಕೆಳಗೆ ಬಿಡುತ್ತದೆ. ಹತ್ತು ಸಲ ನಡೆದರೂ ಏನೂ ಆಗದಿದ್ದದ್ದು ಹನ್ನೊಂದನೇ ಸಲ ಒಡೆಯಬಹುದು. ಹಳೆಯದಾದಷ್ಟೂ ಬಿರುಕು ಹೆಚ್ಚು. ಬಿಸಿಲು, ಮಳೆಗೆ ಬೋಲ್ಟಿನ ತೂತಿನ ಸುತ್ತ ಎದ್ದ ಕೂದಲೆಳೆಯ ಸೀಳುಗಳು ಕೆಳಗಿನಿಂದ ಕಣ್ಣಿಗೆ ಬೀಳುವುದೇ ಇಲ್ಲ.

"ಬೋಲ್ಟ್ ಸಾಲಿನ ಮೇಲೇ ಕಾಲಿಡು, ಕೆಳಗೆ ಆ್ಯಂಗ್ಲರ್ ಇರ್ತದೆ" ಎಂಬುದು ಎಲ್ಲ ಶೀಟು ಕೆಲಸದವರೂ ಕಲಿತ ಮೊದಲ ಪಾಠ. ಪೂರ್ತಿ ಸುಳ್ಳಲ್ಲ, ಆದರೆ ನಂಬಿ ಕೂರುವಂಥದ್ದೂ ಅಲ್ಲ. ಎರಡಿಂಚು ಅಗಲದ ಕಬ್ಬಿಣದ ನೇರಕ್ಕೆ, ಏರಿಳಿತದ ಶೀಟಿನ ಮೇಲೆ, ಕೈಯಲ್ಲಿ ಡ್ರಿಲ್ ಹಿಡಿದು ನಡೆಯುವವನ ಹೆಜ್ಜೆ ನಾಲ್ಕು ಬೆರಳು ಆಚೆ ಬಿದ್ದರೆ ಮುಗಿಯಿತು. ಬ್ರಿಟನ್ನಿನ ಸುರಕ್ಷತಾ ಇಲಾಖೆ ಬೋಲ್ಟ್ ಸಾಲಿನ ಮೇಲೆ ನಡೆಯುವುದನ್ನು ಸುರಕ್ಷಿತ ಕ್ರಮವೆಂದು ಒಪ್ಪುವುದಿಲ್ಲ. ಆ ದೇಶದಲ್ಲೂ ಕೆಲಸದ ಜಾಗದ ಸಾವುಗಳಲ್ಲಿ ಮೊದಲ ಸ್ಥಾನ ಎತ್ತರದಿಂದ ಬೀಳುವುದಕ್ಕೇ. ಒಡೆಯುವ ಚಾವಣಿ ಅಲ್ಲಿ ಬಹಳ ಹಳೆಯ ಕೊಲೆಗಾರ.

ಅಡಿಕೆ ಬೇಯಿಸುವ ಮನೆಯಲ್ಲಿ ಇದಕ್ಕಿಂತ ಹೆಚ್ಚಿನ ಅಪಾಯ ಅಡಗಿದೆ. ಒಳಗೆ ಬೆಳಕು ಬೀಳಲೆಂದು ನಾಲ್ಕಾರು ಸಿಮೆಂಟ್ ಶೀಟಿನ ನಡುವೆ ಒಂದು ಫೈಬರ್ ಶೀಟು ಕೂರಿಸಿರುತ್ತಾರೆ. ಹೊಸದರಲ್ಲಿ ಅದು ಬಿಳುಪಾಗಿ ಮಿನುಗುತ್ತದೆ. ವರ್ಷಗಟ್ಟಲೆ ಹಂಡೆಯ ಹೊಗೆ ಕೆಳಗಿನಿಂದ, ದೂಳು, ಪಾಚಿ, ತರಗೆಲೆ ಮೇಲಿನಿಂದ ಹಿಡಿದ ಬಳಿಕ ಯಾವುದು ಸಿಮೆಂಟು, ಯಾವುದು ಫೈಬರು ಎಂದು ಹತ್ತಿದವನಿಗೆ ಗುರುತೇ ಸಿಗುವುದಿಲ್ಲ. ಬಿಸಿಲಿಗೆ ಬೆಂದ ಫೈಬರ್ ಶೀಟು ಹಪ್ಪಳ. ಕೆಳಗೋ ಬೇಯುವ ಹಂಡೆ, ಒಲೆ, ಸಿಮೆಂಟ್ ನೆಲ. ಕೆಲಸ ಶುರುವಾಗುವ ಮೊದಲು ಒಳಗೆ ನಿಂತು ಮೇಲೆ ನೋಡಿ, ಬೆಳಕಿನ ಶೀಟು ಎಲ್ಲಿದೆಯೆಂದು ಎಣಿಸಿ, ಮೇಲೆ ಹೋಗುವವನಿಗೆ ಹೇಳುವುದು ಒಂದು ನಿಮಿಷದ ಕೆಲಸ. ಅದರ ಮೇಲೆ ಅಡ್ಡ ಹಲಗೆ ಬಿಗಿದರೆ ಇನ್ನೂ ಒಳ್ಳೆಯದು.

ಸರಿಯಾದ ಕ್ರಮ ಏನು ಹಾಗಾದರೆ? ಕನಿಷ್ಠ ಎರಡು ಅಗಲ ಹಲಗೆ. ಒಂದೊಂದೂ ಮೂರು ಆ್ಯಂಗ್ಲರ್ ಮೇಲೆ ಕೂರುವಷ್ಟು ಉದ್ದವಿರಬೇಕು. ಕಾಲು ಜಾರದಂತೆ ಅಡಿಗೊಂದು ಪಟ್ಟಿ ಹೊಡೆದಿರಬೇಕು, ಕೆಳಗೆ ಸರಿಯದಂತೆ ಹಗ್ಗದಲ್ಲಿ ನೆತ್ತಿಗೆ ಕಟ್ಟಿರಬೇಕು. ಒಂದರ ಮೇಲೆ ನಿಂತು ಇನ್ನೊಂದನ್ನು ಮುಂದಕ್ಕೆ ಜರುಗಿಸುತ್ತ ಹೋಗುವುದು. ಅದಕ್ಕಿಂತ ಮೇಲಾದದ್ದು, ಒಳಗಿನಿಂದ ಸಾರುವೆ ಕಟ್ಟಿ, ಚಾವಣಿಯ ಮೇಲೆ ಹತ್ತದೆಯೇ ಶೀಟು ಬದಲಿಸುವುದು. ಕಟ್ಟಡ ಕಾರ್ಮಿಕರ ಕುರಿತ 1998ರ ಕೇಂದ್ರ ನಿಯಮಗಳಲ್ಲಿ ಕಡಿದಾದ ಚಾವಣಿಗಳ ನಿರ್ಮಾಣ, ದುರಸ್ತಿ, ನಿರ್ವಹಣೆಗೆಂದೇ ಒಂದು ಪ್ರತ್ಯೇಕ ಅಧ್ಯಾಯವಿತ್ತು, ಅಂಬೆಗಾಲಿಡುವ ಈ ಹಲಗೆಗಳ ಪ್ರಸ್ತಾಪವೂ ಅದರಲ್ಲಿತ್ತು. ಕಲ್ನಾರು ಶೀಟನ್ನು ಒಣಗಿದ್ದಾಗಲೇ ಮಷಿನ್ನಿನಲ್ಲಿ ಕತ್ತರಿಸಿ ದೂಳೆಬ್ಬಿಸುವುದಂತೂ ಬೇರೆಯದೇ ರೋಗ. ಆ ದೂಳು ಕ್ಯಾನ್ಸರ್ ತರುತ್ತದೆಂಬುದರಲ್ಲಿ ವೈದ್ಯಲೋಕಕ್ಕೆ ಅನುಮಾನವಿಲ್ಲ.

ತಗಡಿನ ಶೀಟು ಒಡೆಯುವುದಿಲ್ಲವೆಂದು ಅದನ್ನು ಮೆಚ್ಚುವಂತಿಲ್ಲ. ಹತ್ತಡಿ ಉದ್ದ, ಮೂರೂವರೆ ಅಡಿ ಅಗಲದ ತಗಡನ್ನು ಎದೆಗೆ ಹಿಡಿದು ಏಣಿ ಹತ್ತುವಾಗ ಗಂಟೆಗೆ 40 ಕಿ.ಮೀ. ವೇಗದ ಗಾಳಿ ಬೀಸಿದರೆ 25 ಕೆ.ಜಿ.ಯಷ್ಟು ಭಾರ ಪಕ್ಕಕ್ಕೆ ಎಳೆದಂತಾಗುತ್ತದೆ. ಏಪ್ರಿಲ್, ಮೇ ತಿಂಗಳ ಸಂಜೆಯ ಗಾಳಿಮಳೆಗೆ ಇದು ದೊಡ್ಡ ವೇಗವೇ ಅಲ್ಲ. ಶೀಟನ್ನು ಹಗ್ಗ ಕಟ್ಟಿ ಎಳೆದುಕೊಳ್ಳಬೇಕೇ ವಿನಾ ಹೊತ್ತು ಹತ್ತಬಾರದು. ಮಧ್ಯಾಹ್ನದ ಮೇಲೆ ಮೋಡ ಕಟ್ಟಿದರೆ ಇಳಿದುಬಿಡುವುದು ಲೇಸು. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ಚಾವಣಿ ಹತ್ತುವವರ ಸಂಖ್ಯೆ ಹಳ್ಳಿಗಳಲ್ಲೂ ಹೆಚ್ಚುತ್ತಿದೆ. ಇಪ್ಪತ್ತು ಕೆ.ಜಿ. ಮೀರುವ ಸೋಲಾರ್ ಪ್ಯಾನೆಲ್‌ಗೂ ಗಾಳಿಯ ಈ ಲೆಕ್ಕ ಹಾಗೇ ಅನ್ವಯಿಸುತ್ತದೆ.

ಇನ್ನು ಸಾರುವೆಯ ಮಾತು. ಹಳೇ ಮಣ್ಣುಗೋಡೆ, ಇಟ್ಟಿಗೆ ಗೋಡೆಗಳಲ್ಲಿ ಸಾಲಾಗಿ ಚಚ್ಚೌಕ ತೂತುಗಳು ಕಾಣುತ್ತವಲ್ಲ, ಅವು ಹಿಂದಿನವರು ಸಾರುವೆಯ ಅಡ್ಡಗೂಟ ತೂರಿಸಿದ ಜಾಗಗಳು. ಒಂದು ಸಾಲು ಕಂಬ ಹೊರಗೆ, ಅಡ್ಡಗೂಟದ ಇನ್ನೊಂದು ತುದಿ ಗೋಡೆಯೊಳಗೆ: ಇದು ಒಂಟಿ ಸಾರುವೆ. ಗೋಡೆಯೇ ಅದರ ಆಧಾರ. ಈಗ ಗೋಡೆಗೆ ತೂತು ಬಿದ್ದರೆ ಯಜಮಾನರು ಒಪ್ಪುವುದಿಲ್ಲ. ಹಾಗಾಗಿ ಎರಡು ಸಾಲು ಕಂಬ ನೆಡಬೇಕು, ನೆಟ್ಟದ್ದನ್ನು ಕಟ್ಟಡಕ್ಕೆ ಬಿಗಿಯಬೇಕು. ಹಳ್ಳಿಯಲ್ಲಿ ನಡೆಯುವುದೇನೆಂದರೆ ಎರಡು ಸಾಲು ನೆಡುತ್ತಾರೆ, ಬಿಗಿಯುವುದನ್ನು ಮರೆಯುತ್ತಾರೆ. ಓರೆಗಟ್ಟು, ಅಂದರೆ ಮೂಲೆಯಿಂದ ಮೂಲೆಗೆ ಹಾಕುವ ಕತ್ತರಿ ಬೊಂಬು, ಅದನ್ನೂ ಉಳಿಸುತ್ತಾರೆ. ಓರೆಗಟ್ಟಿಲ್ಲದ ಸಾರುವೆ ಭಾರವನ್ನೇನೋ ಹೊರುತ್ತದೆ. ಯಾರಾದರೂ ಪಕ್ಕಕ್ಕೆ ಒರಗಿ ಸರಳು ಎಳೆದ ಕೂಡಲೇ ಮಡಚಿಕೊಳ್ಳುತ್ತದೆ.

ಎತ್ತರದ ವಸ್ತುವಿಗೆ ಬಿಗಿ ಇಲ್ಲದಿದ್ದರೆ ಏನಾಗುತ್ತದೆಂದು ತಿಳಿಯಲು ಹಳ್ಳಿಗೇ ಬರಬೇಕಿಲ್ಲ. 2023ರ ಜನವರಿ 10ರಂದು ಬೆಂಗಳೂರಿನ ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ನಿಲ್ಲಿಸಿದ್ದ ಕಬ್ಬಿಣದ ಹಂದರ ವಾಲಿ ರಸ್ತೆಗೆ ಬಿದ್ದು, ಬೈಕಿನಲ್ಲಿ ಹೋಗುತ್ತಿದ್ದ ತಾಯಿ ಮತ್ತು ಎಳೆಯ ಮಗು ಸತ್ತರು. ಎಂಜಿನಿಯರುಗಳೂ ಗುತ್ತಿಗೆ ಕಂಪನಿಯೂ ಇದ್ದ ಜಾಗದ ಕತೆ ಅದು.

ಬಿದಿರಿನದೇ ತಪ್ಪೆಂದು ಹೇಳುವ ಹೊಸ ಚಾಳಿಯನ್ನು ನಾನು ಒಪ್ಪುವುದಿಲ್ಲ. ಹಾಂಗ್‌ಕಾಂಗ್‌ನ ಬಹುಮಹಡಿ ಕಟ್ಟಡಗಳಿಗೂ ಬಿದಿರಿನ ಸಾರುವೆಯೇ ಏರುತ್ತಿತ್ತು. 2025ರ ನವೆಂಬರ್ 26ರಂದು ಅಲ್ಲಿನ ವಾಂಗ್ ಫುಕ್ ಕೋರ್ಟ್ ವಸತಿ ಸಮುಚ್ಚಯಕ್ಕೆ ಬೆಂಕಿ ಬಿದ್ದು 150ಕ್ಕೂ ಹೆಚ್ಚು ಜನ ಸತ್ತಾಗ ಎಲ್ಲರ ಬೆರಳೂ ಮೊದಲು ಬಿದಿರಿನ ಕಡೆ ಹೋಯಿತು. ತನಿಖೆಯ ಕಣ್ಣು ಆಮೇಲೆ ಹೊದಿಸಿದ್ದ ಬಲೆ, ಕಿಟಕಿಗೆ ಹಚ್ಚಿದ್ದ ಫೋಮ್ ಹಲಗೆಗಳ ಮೇಲೆ ನೆಟ್ಟಿತು. ಎರಡಂತಸ್ತಿನ ಮನೆಗೆ ಬಲಿತ, ಸೀಳಿಲ್ಲದ ಬಿದಿರು ಧಾರಾಳ ಸಾಕು. ಮಳೆಯಲ್ಲಿ ನೆನೆದು ಬಿಸಿಲಲ್ಲಿ ಒಣಗಿದ ಹಗ್ಗದ ಗಂಟು ಸಡಿಲವಾಗಿರುತ್ತದೆ ಎಂಬುದನ್ನು ಮರೆಯದೆ, ಪ್ರತಿ ಬೆಳಗ್ಗೆ ಕೈಯಿಂದ ಎಳೆದು ನೋಡುವವನೊಬ್ಬ ಇರಬೇಕು. ಕಬ್ಬಿಣದ ಪೈಪು ತಂದು, ಕ್ಲ್ಯಾಂಪು ಅರ್ಧ ತಿರುಗಿಸಿ ಬಿಡುವವರಿಗಿಂತ ಗಂಟು ಹಾಕಲು ಬಲ್ಲ ಹಳೇ ಮೇಸ್ತ್ರಿಯೇ ವಾಸಿ.

ಪ್ರಾಣ ತೆಗೆಯುವ ಎಡವಟ್ಟುಗಳು ನೋಡಲು ತೀರಾ ಸಣ್ಣವು. ಕಂಬದ ಬುಡಕ್ಕೆ ಹಲಗೆ ಕೊಡದೆ ನಾಲ್ಕು ಇಟ್ಟಿಗೆ ಒಟ್ಟುವುದು ಅದರಲ್ಲೊಂದು. ಭದ್ರಾ ನಾಲೆಯ ನೀರುಣ್ಣುವ ತೋಟದ ಪಕ್ಕದ ಹಸಿ ನೆಲದಲ್ಲಿ ಇಟ್ಟಿಗೆ ಒಂದು ಬದಿಗೆ ಕುಸಿದರೆ ಮೇಲಿನ ಹಲಗೆ ಅಷ್ಟೂ ವಾಲುತ್ತದೆ. ಇನ್ನೊಂದು, ಹಲಗೆಯ ಬಾಲ. ಆಧಾರದಿಂದಾಚೆ ಎರಡಡಿ ಚಾಚಿದ ತುದಿಯ ಮೇಲೆ ಯಾರಾದರೂ ಕಾಲಿಟ್ಟರೆ ಆ ಕಡೆ ತುದಿ ಎದ್ದು ಆಳು ಕೆಳಗೆ. ಹಲಗೆಯ ದಪ್ಪದ ನಾಲ್ಕು ಪಟ್ಟಿಗಿಂತ ಹೆಚ್ಚು ಬಾಲ ಬಿಡಬಾರದು. ಒಂದೂವರೆ ಇಂಚಿನ ಹಲಗೆಗೆ ಆರಿಂಚು ಬಾಲ, ಎರಡು ಆಧಾರಗಳ ನಡುವೆ ಐದಡಿ ಅಂತರ. ಇದಕ್ಕೆ ಮೀರಿದರೆ ತೊಂದರೆ. ಸೆಂಟ್ರಿಂಗ್‌ಗೆ ಬಳಸಿ ಬಳಸಿ ಮೊಳೆ ತೂತು ಬಿದ್ದು, ಸಿಮೆಂಟು ಮೆತ್ತಿ ಒಳಗೆ ಕೊಳೆತಿರುವುದೇ ಕಾಣದ ಹಲಗೆಯನ್ನು ನಿಲ್ಲಲು ಹಾಕುವುದು ನಮ್ಮ ಕಡೆ ಮಾಮೂಲಿ. ಎರಡು ಡ್ರಮ್ಮು, ಮೇಲೊಂದು ಹಲಗೆ, ಅದರ ಮೇಲೊಂದು ಸ್ಟೂಲು ಎಂಬ ಏರ್ಪಾಡಿಗೆ ಸಾರುವೆ ಎಂಬ ಮರ್ಯಾದೆಯ ಹೆಸರು ಸಲ್ಲದು. ನಿಲ್ಲುವ ಹಲಗೆಯ ಹೊರ ಅಂಚಿಗೆ ಸೊಂಟದ ಮಟ್ಟದಲ್ಲಿ, ಅಂದರೆ ಹತ್ತಿರ ಹತ್ತಿರ ಒಂದು ಮೀಟರ್ ಎತ್ತರಕ್ಕೆ, ಒಂದು ಅಡ್ಡ ಬೊಂಬು ಕಟ್ಟಲು ಎಷ್ಟು ಹೊತ್ತು ಬೇಕು? ಆ ಒಂದು ಬೊಂಬು ಉಳಿಸಿದ ಜೀವಗಳಿಗೆ ಯಾರೂ ಲೆಕ್ಕ ಇಡುವುದಿಲ್ಲ, ಏಕೆಂದರೆ ಅಲ್ಲಿ ಏನೂ ನಡೆದಿರುವುದಿಲ್ಲ.

ಏಣಿಗೆ ಹಳೇ ಸೂತ್ರವೊಂದಿದೆ: ನಾಲ್ಕಡಿ ಎತ್ತರಕ್ಕೆ ಒಂದಡಿ ಬುಡ ಹೊರಗೆ. ಹನ್ನೆರಡಡಿ ಸೂರಿಗೆ ಒರಗಿಸಿದರೆ ಬುಡ ಗೋಡೆಯಿಂದ ಮೂರಡಿ. ತಲೆ ಸೂರಿನಿಂದ ಮೂರಡಿ ಮೇಲೆ ಚಾಚಿರಬೇಕು, ಇಳಿಯುವವನಿಗೆ ಹಿಡಿಯಲು ಏನಾದರೂ ಬೇಕಲ್ಲ. ತಲೆಯನ್ನು ಕಟ್ಟಿರಬೇಕು. ಅಲ್ಯೂಮಿನಿಯಂ ಏಣಿ ಹಗುರವೆಂದು ಎಲ್ಲರೂ ಕೊಳ್ಳುತ್ತಿದ್ದಾರೆ. ಮನೆಯ ಪಕ್ಕದಲ್ಲೇ ವಿದ್ಯುತ್ ತಂತಿ ಹಾದಿರುವ ಓಣಿಗಳಲ್ಲಿ ಅದನ್ನು ನೇರ ನಿಲ್ಲಿಸಿ ಹೊತ್ತೊಯ್ಯುವುದು ಸಾವನ್ನು ಕರೆದಂತೆ. ಒದ್ದೆ ಬಿದಿರೂ ಕರೆಂಟು ಹರಿಸುತ್ತದೆ. ಲೈನ್‌ಮ್ಯಾನ್‌ಗೆ ಒಂದು ಫೋನು ಮಾಡಿ, ಒಂದು ಗಂಟೆ ಲೈನು ತೆಗೆಸುವುದಕ್ಕೆ ಸಂಕೋಚ ಬೇಡ.

ಆರ್‌ಸಿಸಿ ಮನೆಯಲ್ಲಿ ಅಪಾಯದ ಸ್ವರೂಪವೇ ಬೇರೆ. ಅಲ್ಲಿ ಸಾರುವೆ ಹೊರುವುದು ಆಳನ್ನಲ್ಲ, ಚಾವಣಿಯನ್ನೇ. ಒಂದು ಸಾವಿರ ಚದರಡಿಗೆ ಐದಿಂಚು ದಪ್ಪದ ಮೋಲ್ಡ್ ಹಾಕಿದರೆ ಹಸಿ ಕಾಂಕ್ರೀಟಿನ ತೂಕವೇ ಸುಮಾರು 29 ಟನ್. ಕಬ್ಬಿಣ, ಆಳುಗಳು, ಅತ್ತಿತ್ತ ಸುರಿಯುವ ಮಷಿನ್ನು ಬೇರೆ. ಗಟ್ಟಿಯಾಗುವವರೆಗೆ ಅಷ್ಟನ್ನೂ ಹೊರುವುದು ನೀಲಗಿರಿ ಗೂಟಗಳು, ಇಲ್ಲವೇ ಕಬ್ಬಿಣದ ಜಾಕಿಗಳು. ಗೂಟ ಗಿಡ್ಡವಾದಾಗ ಕೆಳಗೆ ಇಟ್ಟಿಗೆ ಕೊಡುವುದು, ಎರಡು ಗೂಟ ಜೋಡಿಸಿ ಮೊಳೆ ಹೊಡೆಯುವುದು, ಕಾಂಕ್ರೀಟನ್ನು ಒಂದೇ ಕಡೆ ಗುಡ್ಡೆ ಸುರಿಯುವುದು: ಈ ಮೂರರಲ್ಲಿ ಯಾವುದೊಂದಾದರೂ ಸಾಕು ಇಡೀ ಸೆಂಟ್ರಿಂಗ್ ಕುಸಿಯಲು. ಮೋಲ್ಡ್ ನಡೆಯುವಾಗ ಕೆಳಗೆ ಅಡುಗೆ ಮಾಡುವುದು, ಮಕ್ಕಳು ಆಡುವುದು ನಿಲ್ಲಬೇಕು. ಗೂಟ ನೋಡಿಕೊಳ್ಳಲು ಅನುಭವಸ್ಥನೊಬ್ಬ ಹೊರಗಿನಿಂದ ಕಣ್ಣಿಟ್ಟಿರಬೇಕು.

ಬಿಚ್ಚುವ ಅವಸರವೂ ಇದೆ. ಸೆಂಟ್ರಿಂಗ್ ಸಾಮಾನಿಗೆ ದಿನಬಾಡಿಗೆ, ಹಾಗಾಗಿ ಬೇಗ ಬಿಚ್ಚಿದಷ್ಟೂ ಉಳಿತಾಯ. ಭಾರತೀಯ ಮಾನಕ ಐಎಸ್ 456 ಹೇಳುವುದು ಹೀಗೆ: ಸಾಮಾನ್ಯ ಸಿಮೆಂಟಿಗೆ, ಹದವಾದ ಹವೆಯಲ್ಲಿ, ನಾಲ್ಕೂವರೆ ಮೀಟರ್‌ವರೆಗಿನ ಅಂಕಣದ ಚಾವಣಿಗೆ ಗೂಟ 7 ದಿನ ಇರಬೇಕು; ಅದಕ್ಕಿಂತ ಅಗಲವಿದ್ದರೆ 14 ದಿನ. ತೊಲೆಯ ಕೆಳಗೆ ಆರು ಮೀಟರ್‌ವರೆಗೆ 14 ದಿನ, ಅದರಾಚೆ 21. ಮುಂದಿನ ಮಹಡಿಗೆ ಮೋಲ್ಡ್ ಹಾಕುವಾಗ ಕೆಳಗಿನ ಗೂಟ ತೆಗೆಯದಿರುವುದು ಇನ್ನೂ ವಿವೇಕ.

ಸುರಕ್ಷತೆ ಎಂದರೆ ಬೆಲ್ಟು ಎಂದು ನಂಬಿರುವವರೂ ಉಂಟು. ಬೆಲ್ಟು ಕೊಡಿಸಿದೆ, ನನ್ನ ಜವಾಬ್ದಾರಿ ಮುಗಿಯಿತು ಎನ್ನುವ ಗುತ್ತಿಗೆದಾರರನ್ನು ಕೂರಿಸಿ ಒಂದು ಕೂಡುವ ಲೆಕ್ಕ ಮಾಡಿಸಬೇಕು. ಹಗ್ಗ ಆರಡಿ, ಅಂದರೆ 1.8 ಮೀಟರ್. ಬೀಳುವವನ ಪೆಟ್ಟು ತಗ್ಗಿಸಲು ಬಿಚ್ಚಿಕೊಳ್ಳುವ ಪಟ್ಟಿ ಗರಿಷ್ಠ 1.75 ಮೀಟರ್ ಉದ್ದವಾಗುತ್ತದೆ. ಬೆನ್ನಿನ ಕೊಂಡಿಯಿಂದ ಪಾದದವರೆಗೆ ಒಂದೂವರೆ ಮೀಟರ್. ನೆಲಕ್ಕೆ ತಾಗದಂತೆ ಇನ್ನೊಂದು ಮೀಟರ್. ಒಟ್ಟು ಆರು ಮೀಟರ್, ಹತ್ತಿರ ಹತ್ತಿರ ಇಪ್ಪತ್ತಡಿ. ನಮ್ಮ ಶೆಡ್ಡಿನ ಸೂರು ಇರುವುದೇ ಹತ್ತು ಹನ್ನೆರಡಡಿ. ಕಾಲ ಬುಡದಲ್ಲಿ ಕೊಂಡಿ ಸಿಕ್ಕಿಸಿ ಬಿದ್ದರೆ ಬೆಲ್ಟು ತನ್ನ ಕೆಲಸ ಮಾಡುವುದರೊಳಗೆ ನೆಲ ಬಂದಿರುತ್ತದೆ. ಮನೆಕಟ್ಟಿನ ಎತ್ತರದಲ್ಲಿ ಬೆಲ್ಟಿನ ಸರಿಯಾದ ಬಳಕೆ ಬೇರೆ: ಅಂಚಿಗೆ ಹೋಗಲು ಬಿಡದಷ್ಟು ಗಿಡ್ಡ ಹಗ್ಗ. ಬಿದ್ದವನನ್ನು ಹಿಡಿಯುವ ಬದಲು ಬೀಳಲು ಬಿಡದ ಹಗ್ಗ.

ಎಲ್ಲಿಗೆ ಕಟ್ಟುವುದು ಎಂಬುದು ಮುಂದಿನ ಪ್ರಶ್ನೆ. ರೀಪಿಗೆ, ಶೀಟಿನ ಬೋಲ್ಟಿಗೆ, ನೀರಿನ ಪೈಪಿಗೆ ಕಟ್ಟಿದರೆ ಕಟ್ಟದಿದ್ದಂತೆಯೇ. ನೆತ್ತಿಯಾಚೆ ಹಗ್ಗ ಹಾಯಿಸಿ ಆ ಬದಿಯ ತೆಂಗಿನ ಮರಕ್ಕೋ ಕಲ್ಲು ಕಂಬಕ್ಕೋ ಕಟ್ಟುವುದು ಒಳ್ಳೆಯದು. ಟ್ರ್ಯಾಕ್ಟರಿಗೆ ಮಾತ್ರ ಕಟ್ಟಬೇಡಿ. ಮನೆಯ ಹುಡುಗನೊಬ್ಬ ಗೊತ್ತಿಲ್ಲದೆ ಅದನ್ನು ತೋಟಕ್ಕೆ ಓಡಿಸಿಕೊಂಡು ಹೋಗುವ ಸಾಧ್ಯತೆ ಹಳ್ಳಿಯಲ್ಲಿ ಯಾವತ್ತೂ ಇದ್ದದ್ದೇ. ಸೊಂಟಕ್ಕಷ್ಟೇ ಬಿಗಿಯುವ ಹಳೇ ಬೆಲ್ಟು ಬೀಳುವಾಗ ಬೆನ್ನುಮೂಳೆಯನ್ನೇ ಮುರಿಯಬಹುದು. ತೊಡೆ, ಹೆಗಲು ಎಲ್ಲ ಸುತ್ತುವ ಪೂರ್ಣ ಬೆಲ್ಟೇ ಬೇಕು.

ಕಾನೂನು ಎಲ್ಲಿದೆ ಎಂದು ಕೇಳುವವರಿಗೆ ಉತ್ತರ ನೇರವಾಗಿದೆ: ಈ ಚಾವಣಿಯ ಮೇಲೆ ಇಲ್ಲ. ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ 1996ರ ಕಾಯಿದೆ ಹತ್ತು ಅಥವಾ ಹೆಚ್ಚು ಆಳುಗಳಿದ್ದ ಕಡೆಗೆ ಮಾತ್ರ ಅನ್ವಯಿಸುತ್ತಿತ್ತು. ಸ್ವಂತ ವಾಸಕ್ಕೆ ಹತ್ತು ಲಕ್ಷದೊಳಗೆ ಕಟ್ಟುವ ಮನೆ ಅದರಿಂದ ಹೊರಗೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಔದ್ಯೋಗಿಕ ಸುರಕ್ಷತೆಯ ಹೊಸ ಸಂಹಿತೆ ಆ ಹತ್ತು ಲಕ್ಷವನ್ನು ಐವತ್ತು ಲಕ್ಷಕ್ಕೆ ಏರಿಸಿದೆ, ಹತ್ತಕ್ಕಿಂತ ಕಡಿಮೆ ಆಳಿನ ಕೆಲಸವನ್ನು ಹೊರಗೇ ಇಟ್ಟಿದೆ. ನಲ್ಲೂರಿನಲ್ಲಿ ಶೀಟು ಬದಲಿಸಲು ಬರುವವರು ಮೂರು ಮಂದಿ. ಅವರ ಹಲಗೆಯ ದಪ್ಪ ಅಳೆಯಲು ಯಾವ ಇನ್‌ಸ್ಪೆಕ್ಟರೂ ಬರುವುದಿಲ್ಲ. ಆಳು ಸತ್ತ ಮೇಲೆ ಪೊಲೀಸರು ಬರುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಐದು ವರ್ಷದವರೆಗೆ ಸಜೆ ಇದೆ. ಹಳೇ ದಂಡಸಂಹಿತೆಯಲ್ಲಿ ಅದು ಎರಡು ವರ್ಷವಿತ್ತು.

ಕರ್ನಾಟಕದಲ್ಲಿ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿ 2007ರಿಂದ ಇದೆ. ಕಟ್ಟಡದ ವೆಚ್ಚದ ಮೇಲೆ ವಸೂಲಾಗುವ ಶೇ 1ರ ಸೆಸ್ಸಿನಿಂದ ಅದರ ನಿಧಿ ತುಂಬುತ್ತದೆ. ಹದಿನೆಂಟರಿಂದ ಅರವತ್ತು ವಯಸ್ಸಿನೊಳಗಿದ್ದು, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಈ ಕೆಲಸ ಮಾಡಿದವರು ಅಲ್ಲಿ ನೋಂದಾಯಿಸಿಕೊಂಡರೆ ಅಪಘಾತಕ್ಕೆ ಪರಿಹಾರ ಸಿಗುತ್ತದೆ. ವರ್ಷದಲ್ಲಿ ಎಂಟು ತಿಂಗಳು ತೋಟದ ಕೆಲಸ ಮಾಡಿ ಬೇಸಿಗೆಯಲ್ಲಷ್ಟೇ ಚಾವಣಿ ಹತ್ತುವ ಆಳು ಆ ಕಾರ್ಡಿನ ತಂಟೆಗೇ ಹೋಗಿರುವುದಿಲ್ಲ. ಮೇಸ್ತ್ರಿ ಗೊತ್ತುಮಾಡುವ ಮೊದಲು ಕಾರ್ಡು ಇದೆಯೇ ಎಂದು ಕೇಳುವ ಯಜಮಾನರು ಇನ್ನೂ ಅಪರೂಪ.

ಒಂದು ವೇಳೆ ಯಾರಾದರೂ ಬಿದ್ದರೆ ನಮ್ಮ ಮೊದಲ ಸ್ಪಂದನ ಕೈಕಾಲು ಹಿಡಿದು ಎತ್ತಿ ಆಟೊಗೆ ತುಂಬುವುದು, ಬಾಯಿಗೆ ನೀರು ಬಿಡುವುದು. ಎರಡೂ ಕೆಡುಕು. ಬೆನ್ನುಮೂಳೆಗೆ ಪೆಟ್ಟಾಗಿದ್ದರೆ ಆ ಎತ್ತುವಿಕೆಯೇ ಅವನನ್ನು ಜೀವಮಾನವಿಡೀ ಹಾಸಿಗೆಗೆ ಹಾಕಬಹುದು. ಅಲುಗಿಸದೆ, ತಲೆ ಕುತ್ತಿಗೆ ಒಂದೇ ನೇರದಲ್ಲಿ ಇರುವಂತೆ ಒಬ್ಬರು ಹಿಡಿದು ಕೂರಬೇಕು. ಉಸಿರು ನೋಡಬೇಕು, 108ಕ್ಕೆ ಕರೆ ಮಾಡಬೇಕು. ಇಲ್ಲಿಂದ ದಾವಣಗೆರೆಯ ಚಿಗಟೇರಿ ಆಸ್ಪತ್ರೆಗೋ ಶಿವಮೊಗ್ಗದ ಮೆಗ್ಗಾನ್‌ಗೋ ಮುಟ್ಟುವ ದಾರಿ ಚಿಕ್ಕದಲ್ಲ. ಸಾಗಿಸಲೇಬೇಕಾದ ಪಕ್ಷದಲ್ಲಿ, ಮೇಲೆ ಹಾಕದೆ ಉಳಿಸಿದ ಹಲಗೆಯ ಮೇಲೇ ಅವನನ್ನು ಮಲಗಿಸಿ ಬಿಗಿಯಬೇಕಾಗುತ್ತದೆ.

ದುಡ್ಡಿನ ಮಾತಿಗೇ ಬರೋಣ, ಜಗಳವೆಲ್ಲ ಅಲ್ಲೇ ಇರುವುದರಿಂದ. ಮನೆಕಟ್ಟುವ ಗುತ್ತಿಗೆ ನಮ್ಮಲ್ಲಿ ಚದರಡಿ ಲೆಕ್ಕದಲ್ಲಿ ಬಾಯಿಮಾತಿನಲ್ಲೇ ನಡೆಯುತ್ತದೆ. ಸಿಮೆಂಟು ಯಾರದು, ಕಬ್ಬಿಣ ಯಾರದು, ನೀರು ಯಾರದು, ಮೋಲ್ಡ್ ದಿನದ ಊಟ ಯಾರದು ಎಂಬುದೆಲ್ಲ ಮೊದಲೇ ತೀರ್ಮಾನವಾಗುತ್ತದೆ. ಸಾರುವೆ ಯಾರದು ಎಂಬ ಮಾತು ಬರುವುದೇ ಇಲ್ಲ. ಹಾಗಾಗಿ ಅದು ಮೇಸ್ತ್ರಿಯ ಲಾಭದಿಂದ ಕಳೆಯುವ ಬಾಬ್ತು ಆಗಿಬಿಡುತ್ತದೆ. ಲಾಭದಿಂದ ಕಳೆಯುವುದನ್ನು ಯಾರು ತಾನೇ ಧಾರಾಳವಾಗಿ ಮಾಡಿಯಾರು? ಚದರಡಿ ದರ ಬೇರೆ, ಸಾರುವೆ ಹಲಗೆಯ ಬಾಡಿಗೆ ಬೇರೆ, ಅದನ್ನು ಕೊಡುವವರು ಯಜಮಾನರು ಎಂದು ಒಂದು ಚೀಟಿಯಲ್ಲಿ ಬರೆದುಕೊಂಡರೆ ಮೇಸ್ತ್ರಿಗೆ ಹಲಗೆ ಉಳಿಸುವ ಯಾವ ಪ್ರಲೋಭನೆಯೂ ಇರುವುದಿಲ್ಲ.

ಒಂದು ಗಂಟೆಯ ಕೆಲಸಕ್ಕಂತೂ ಚೀಟಿಯೂ ಬೇಡ. ಪಟ್ಟಿ ಹೊಡೆದ ಎರಡು ಹತ್ತಡಿ ಹಲಗೆ, ತಲೆಗೆ ಕಬ್ಬಿಣದ ಕೊಕ್ಕೆ ಬಿಗಿಸಿದ ಒಂದು ಬಿದಿರಿನ ಮಲಗೇಣಿ, ಐವತ್ತಡಿ ಒಳ್ಳೆಯ ಹಗ್ಗ, ಒಂದು ಪೂರ್ಣ ಬೆಲ್ಟು. ಬಡಗಿಗೆ ಅರ್ಧ ದಿನ, ವೆಲ್ಡಿಂಗ್ ಅಂಗಡಿಗೆ ಒಂದು ಗಂಟೆಯ ಕೆಲಸ. ಓಣಿಗೊಂದು ಸೆಟ್ಟು ಸಾಕು, ಏಕೆಂದರೆ ಒಂದೇ ದಿನ ಎಲ್ಲರ ಚಾವಣಿಯೂ ಸೋರುವುದಿಲ್ಲ. ಚನ್ನಗಿರಿಯ ತುಮ್ಕೋಸ್‌ನಂಥ ಅಡಿಕೆ ಬೆಳೆಗಾರರ ಸಂಘಗಳು, ಹಾಲಿನ ಡೈರಿಗಳು, ಪಂಚಾಯಿತಿಗಳು ಮನಸ್ಸು ಮಾಡಿದರೆ ಊರಿಗೆರಡರಂತೆ ಇಂಥ ಸೆಟ್ಟು ಮಾಡಿಸಿಟ್ಟು ದಿನಕ್ಕಿಷ್ಟು ಎಂದು ಬಾಡಿಗೆಗೆ ಕೊಡಬಹುದು. ದೋಟಿ ಎರವಲು ಕೊಟ್ಟು ತೆಗೆದುಕೊಳ್ಳುವ ರೂಢಿ ಊರಲ್ಲಿ ಇದ್ದೇ ಇದೆ. ಮಲಗೇಣಿಯನ್ನು ಮಳೆ ತಾಗದ ಕಡೆ, ಅಡಿಕೆ ಮನೆಯ ಗೋಡೆಗೆ ಎರಡು ಗೂಟ ಹೊಡೆದು ಅಡ್ಡಡ್ಡ ತೂಗುಹಾಕಬೇಕು. ನೆಲದ ಮೇಲೆ ಬಿಟ್ಟರೆ ಒಂದೇ ಮಳೆಗಾಲಕ್ಕೆ ಗೆದ್ದಲು ಹಿಡಿಯುತ್ತದೆ.